ಜನರೇಟರ್ ನಿಂತ ಮೇಲೆ

ದಸರಾ ಮುಗಿಯುವ ರಾತ್ರಿ ಗೋಣಿಕೊಪ್ಪಲಿನ ಮುಖ್ಯರಸ್ತೆಯಲ್ಲಿ ನಿಂತು ಮಂಟಪ ನೋಡಿದವರಿಗೆ ಗೊತ್ತು, ನಮ್ಮೂರಿನ ಅಸುರರು ಸಾಮಾನ್ಯದವರಲ್ಲ. ಟ್ರ್ಯಾಕ್ಟರ್ ಮೇಲೆ ಕೂತು ಬರುವಾಗಲೇ ತಲೆ ತಿರುಗಿಸುತ್ತಾರೆ, ಕಣ್ಣು ಕೆಂಪಗೆ ಮಾಡುತ್ತಾರೆ, ಗದೆ ಎತ್ತುತ್ತಾರೆ. ದೇವಿಯ ತ್ರಿಶೂಲ ಎದೆಗೆ ನಾಟುವ ಹೊತ್ತಿಗೆ ಬಾಯಿಂದ ಹೊಗೆ ಬಿಡುತ್ತಾರೆ. ಹಿಂದೆ ಜನರೇಟರ್ ಗುಡುಗುತ್ತಿರುತ್ತದೆ. ಆ ಗುಡುಗು ನಿಂತರೆ ಅಸುರನ ಕೈ ಎತ್ತಿದಲ್ಲೇ ನಿಲ್ಲುತ್ತದೆ. ಹುಡುಗರು ಓಡಿಬಂದು ಡೀಸೆಲ್ ಹಾಕುತ್ತಾರೆ. ಮತ್ತೆ ಕೈ ಆಡುತ್ತದೆ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ದಸರಾ ಕಳೆದು ಎರಡು ತಿಂಗಳಿಗೆ ತಂಗಿಯ ಮಗನ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಊರು, ಶಾಲೆ ಯಾವುದಾದರೂ ಆಗಲಿ. ಸಂಗೊಳ್ಳಿ ರಾಯಣ್ಣನ ಕಿರುನಾಟಕ. ಮಕ್ಕಳು ಮಾತಾಡುವುದಿಲ್ಲ. ಮೊದಲೇ ಧ್ವನಿಮುದ್ರಣ ಮಾಡಿದ ಮಾತು ಸ್ಪೀಕರಿನಲ್ಲಿ ಬರುತ್ತದೆ, ಮಕ್ಕಳು ಬಾಯಿ ಆಡಿಸುತ್ತಾರೆ. ನಮ್ಮ ಹುಡುಗ ರಾಯಣ್ಣ. ಕತ್ತಿ ಎತ್ತಿ ಬ್ರಿಟಿಷರವನಿಗೆ ಸವಾಲು ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಕೊಡಗಿನಲ್ಲಿ ಕರೆಂಟ್ ಹೋಗುವುದು ಸುದ್ದಿಯಲ್ಲ. ಆದರೆ ಹುಡುಗ ಕತ್ತಿ ಎತ್ತಿಕೊಂಡು ಬಾಯಿ ತೆರೆದುಕೊಂಡು ಹಾಗೇ ನಿಂತ. ಮೊಬೈಲ್ ಬೆಳಕಿನಲ್ಲಿ ನೋಡುತ್ತೇನೆ, ಅದೇ ಅಸುರ! ಡೀಸೆಲ್ ಹಾಕುವವರು ಮಾತ್ರ ಯಾರೂ ಇರಲಿಲ್ಲ.

ನಗು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟು ಹುಡುಗನ ಮೇಲಲ್ಲ, ಅವನ ಟೀಚರುಗಳ ಮೇಲೂ ಅಲ್ಲ. ಬೆಳಿಗ್ಗೆಯಿಂದ ಲೆಕ್ಕ, ವಿಜ್ಞಾನ, ಬಿಸಿಯೂಟ, ಗಣತಿ ಎಲ್ಲ ಮುಗಿಸಿ ಸಂಜೆ ಐದಕ್ಕೆ ನಾಟಕ ಕಲಿಸು ಅಂದರೆ ಯಾರಿಗೆ ಆಗುತ್ತದೆ? ಪೆನ್‌ಡ್ರೈವ್ ತರುತ್ತಾರೆ.

ನಾನು ನಾಟಕದವನಲ್ಲ. ನಮ್ಮದು ಅಪ್ಪನ ಕಾಲದಿಂದ ಬಂದ ಅಂಗಡಿ. ಗೋಣಿಚೀಲ, ಟಾರ್ಪಾಲು, ಹಗ್ಗ, ಕಾಫಿ ಒಣಗಿಸುವ ಹಾಳೆ. ಹೊರಗಿನವರು ಬಂದರೆ, ಈ ಊರಿಗೆ ಹೆಸರು ನಿಮ್ಮ ಅಂಗಡಿಯಿಂದಲೇ ಬಂತಾ ಅಂತ ತಮಾಷೆ ಮಾಡುತ್ತಾರೆ. ನಾನು ಹೌದು ಅನ್ನುತ್ತೇನೆ. ಆದರೆ ಜೀವನದಲ್ಲಿ ಒಂದು ಸಲ ನಾನು ಇಲಿಯಾಗಿದ್ದೆ. ಏಳನೇ ಕ್ಲಾಸು. ಕುವೆಂಪು ಅವರ ಕಿಂದರಿಜೋಗಿ. ನಮ್ಮ ಲೆಕ್ಕದ ಮೇಷ್ಟ್ರಿಗೆ ನಾಟಕದ ಹುಚ್ಚು. ಇಪ್ಪತ್ತು ಇಲಿ ಬೇಕು, ಇಪ್ಪತ್ತು ಹಳೇ ಚೀಲ ಕೇಳಿಕೊಂಡು ಬಾ ಅಂತ ಅಪ್ಪನ ಹತ್ತಿರ ಕಳಿಸಿದರು. ಅಪ್ಪ ಕೇಳಿದ್ದು ಇಷ್ಟೇ: ‘ವರ್ಷವಿಡೀ ನನ್ನ ಚೀಲ ತಿನ್ನುವುದು ಇಲಿ. ಈಗ ಅದಕ್ಕೆ ನಾನೇ ಅಂಗಿ ಹೊಲಿಸಿ ಕೊಡಬೇಕಾ?’ ಕೊಟ್ಟರು ಅನ್ನಿ. ಮೈಯೆಲ್ಲ ಕೆರೆತ. ಇಲಿಗಳು ಕೆರೆದುಕೊಳ್ಳುವುದು ನೋಡಿ ಜನ ಎಷ್ಟು ಚೆನ್ನಾಗಿ ನಟಿಸುತ್ತವೆ ಅಂದರು.

ಅಭ್ಯಾಸ ನಡೆಯುತ್ತಿದ್ದದ್ದು ಮಳೆಗಾಲದಲ್ಲಿ. ತಗಡಿನ ಮಾಡು. ಜುಲೈ ತಿಂಗಳ ಮಳೆ ತಗಡಿನ ಮೇಲೆ ಬಿದ್ದರೆ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇವತ್ತು ಬೇಡ, ಮನೆಗೆ ಹೋಗಿ ಅನ್ನುತ್ತಿದ್ದರು. ನಮ್ಮ ಮೇಷ್ಟ್ರು ಮಳೆ ಜೋರಾದ ದಿನವೇ ಅಭ್ಯಾಸ ಇಡುತ್ತಿದ್ದರು. ಮಳೆ ಸ್ವಲ್ಪ ಕಡಿಮೆಯಿದ್ದರೆ, ಕಿರುಚಬೇಡ, ಹೊಟ್ಟೆಯಿಂದ ಮಾತಾಡು, ಬಾಗಿಲ ಹತ್ತಿರ ಕೊಡೆ ಹಿಡಿದು ನಿಂತ ಅಜ್ಜಿಗೆ ಕೇಳಬೇಕು ಅನ್ನುತ್ತಿದ್ದರು. ಮಳೆ ಪೂರಾ ಜೋರಾದರೆ ಕೈಸನ್ನೆ ಮಾಡುತ್ತಿದ್ದರು: ಈಗ ಮಾತು ಬೇಡ, ಅದನ್ನೇ ಮೈಯಲ್ಲಿ ಹೇಳು. ಹಸಿವಾಗಿದೆ ಅಂತ ಬೆನ್ನಿನಲ್ಲಿ ಹೇಳುವುದು ಹೇಗೆ? ಹನ್ನೆರಡು ವರ್ಷಕ್ಕೆ ನಾವು ಇಪ್ಪತ್ತು ಮಂದಿ ಅದನ್ನು ಕಲಿತಿದ್ದೆವು. ನಾಟಕದ ದಿನ ಕರೆಂಟ್ ಹೋಗಿತ್ತು. ಪೆಟ್ರೋಮ್ಯಾಕ್ಸ್ ತರುವವರೆಗೆ ಕತ್ತಲಲ್ಲೇ ಆಡಿದೆವು. ಯಾರೂ ನಿಲ್ಲಲಿಲ್ಲ.

ಎರಡು ವರ್ಷ ಕಳೆದು ಮೇಷ್ಟ್ರಿಗೆ ವರ್ಗವಾಯಿತು. ಅವರು ಬಸ್ ಹತ್ತಿದರು, ನಾಟಕವೂ ಹತ್ತಿತು. ಅವರ ನೇಮಕಾತಿ ಪತ್ರದಲ್ಲಿದ್ದದ್ದು ಗಣಿತ. ನಾಟಕ ಅವರ ಸ್ವಂತ ಖರ್ಚು. ಹಾಗೆ ಒಬ್ಬ ಮನುಷ್ಯನ ಹುಚ್ಚಿನ ಮೇಲೆ ನಿಂತದ್ದು ಆ ಮನುಷ್ಯ ಹೋದರೆ ಹೋಗುತ್ತದೆ. ನಮ್ಮ ಶಾಲೆಗಳಲ್ಲಿ ಈಗಲೂ ನಾಟಕ ಎಲ್ಲಾದರೂ ಇದ್ದರೆ ಹೆಚ್ಚಿನ ಕಡೆ ಹೀಗೇ ಇದೆ.

ನಾಟಕದವರ ಬದುಕನ್ನು ನಾವು ಹೇಳುವ ಕ್ರಮದಲ್ಲೇ ಒಂದು ಕೊರತೆಯಿದೆ ಅಂತ ನನಗೆ ಅನಿಸುವುದುಂಟು. ಬಿ.ವಿ. ಕಾರಂತರನ್ನೇ ತೆಗೆದುಕೊಳ್ಳಿ. ಬಂಟ್ವಾಳದ ಮಂಚಿಯ ಬಾಬುಕೋಡಿಯಲ್ಲಿ 1929ರಲ್ಲಿ ಹುಟ್ಟಿದವರು, ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದವರು. ಕಂಪನಿಯ ವೀರಣ್ಣನವರು ಅವರನ್ನು ಕಾಶಿಗೆ ಓದಲು ಕಳಿಸಿದ್ದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ‘ಹಯವದನ’, ‘ಜೋಕುಮಾರಸ್ವಾಮಿ’, ‘ಚೋಮನ ದುಡಿ’, ಪದ್ಮಶ್ರೀ, ಎಲ್ಲ ಹೇಳುತ್ತೇವೆ. ನಡುವೆ ಒಂದು ಸಾಲು ಬಿಟ್ಟುಹೋಗುತ್ತದೆ. 1969ರಿಂದ ಮೂರು ವರ್ಷ ಅವರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರಾಗಿದ್ದರು. ನಾಟಕ ಶಾಲೆಯಲ್ಲಿ ಓದಿದ್ದವರು, ದೊಡ್ಡವರ ನಾಟಕ ಕಟ್ಟಬಲ್ಲವರು, ಯೂನಿಫಾರ್ಮ್ ಹಾಕಿದ ಮಕ್ಕಳ ಮುಂದೆ ನಿಂತರು. ಬರಿಗೈಲಿ ಹೋದ ಹುಚ್ಚಲ್ಲ ಅದು. ಒಂದು ಶಾಲೆ ಅವರಿಗೆ ಕೆಲಸ ಕೊಟ್ಟಿತ್ತು, ಸಂಬಳ ಕೊಟ್ಟಿತ್ತು. ನನಗೆ ಮುಖ್ಯವಾಗಿ ಕಾಣುವುದು ಆ ಸಂಬಳ.

ಕಾರಂತರು ಮಕ್ಕಳಿಗಾಗಿ ಮಾಡಿದ ‘ಪಂಜರ ಶಾಲೆ’ ಹಲವರಿಗೆ ನೆನಪಿರಬಹುದು. ರವೀಂದ್ರರ ಗಿಳಿಯ ಕಥೆ ಅದಕ್ಕೆ ಮೂಲ. ಗಿಳಿಗೆ ವಿದ್ಯೆ ಕಲಿಸಲು ರಾಜ ಅಪ್ಪಣೆ ಕೊಡುತ್ತಾನೆ. ಬಂಗಾರದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕದ ಹಾಳೆಗಳನ್ನು ಗಿಳಿಯ ಬಾಯಿಗೆ ತುರುಕುತ್ತಾರೆ. ಕೊನೆಗೆ ವಿದ್ಯೆ ಪೂರ್ತಿಯಾಗುತ್ತದೆ, ಗಿಳಿ ಇರುವುದಿಲ್ಲ. ಈಗ ಆ ಕಥೆಗೆ ಒಂದು ಪೆನ್‌ಡ್ರೈವ್ ಸೇರಿಸಿದರೆ ಸಾಕು, ನಮ್ಮ ವಾರ್ಷಿಕೋತ್ಸವವಾಗುತ್ತದೆ.

1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಶುರುವಾದಾಗ ಅದರ ಮೊದಲ ನಿರ್ದೇಶಕರು ಕಾರಂತರೇ. ಆಗ ನನಗೆ ಹದಿನೆಂಟೋ ಹತ್ತೊಂಬತ್ತೋ. ಚೀಲದ ಲೋಡು ತರಲು ಮೈಸೂರಿಗೆ ಹೋದಾಗ ಕಲಾಮಂದಿರದ ಕಡೆ ಹೋಗಿ ನಾಟಕ ನೋಡಿ ಬರುವ ಚಾಳಿ ಹತ್ತಿತ್ತು. ಲಾರಿ ಡ್ರೈವರ್ ಬೈಯುತ್ತಿದ್ದ, ಆನೆಚೌಕೂರು ದಾಟುವ ಹೊತ್ತಿಗೆ ಕತ್ತಲಾಗುತ್ತದೆ, ರಸ್ತೆಗೆ ಆನೆ ಬಂದರೆ ನಿಮ್ಮ ನಾಟಕ ಬರುತ್ತದಾ ಅಂತ. ಅಲ್ಲಿ ದೂರದಿಂದ ಗಡ್ಡದ ಕಾರಂತರನ್ನು ನೋಡಿದ್ದೆ. ಹಾರ್ಮೋನಿಯಂ ಮುಂದೆ ಕೂತು ನಟರಿಂದ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. ನಟರು ಹಳ್ಳಿಯ ಹುಡುಗ ಹುಡುಗಿಯರು. ನಿರ್ದೇಶಕ ಅನ್ನುವುದಕ್ಕಿಂತ ಮಗ್ಗಿ ಹೇಳಿಸುವ ಮೇಷ್ಟ್ರ ಹಾಗೆ ಕಂಡರು.

ಆ ಹುಡುಗರಲ್ಲಿ ಒಬ್ಬರು ಹುಲುಗಪ್ಪ ಕಟ್ಟೀಮನಿ. ರಂಗಾಯಣದ ನಟ. ನಟನೆ ಕಲಿತವರು ಮುಂದೆ ಅದನ್ನು ಜೈಲಿಗೆ ತೆಗೆದುಕೊಂಡು ಹೋದರು. ಶಿಕ್ಷೆ ಅನುಭವಿಸುತ್ತಿದ್ದ ಕೈದಿಗಳಿಗೆ ನಾಟಕ ಕಲಿಸಿದರು. ‘ಮ್ಯಾಕ್‌ಬೆತ್’ ಅನ್ನು ಎಚ್.ಎಸ್. ಶಿವಪ್ರಕಾಶರು ಕನ್ನಡಕ್ಕೆ ಒಗ್ಗಿಸಿ ಬರೆದ ‘ಮಾರನಾಯಕ’ವನ್ನು ಕೈದಿಗಳೇ ಆಡಿದರು. ಕೊಲೆಯ ಕಥೆ, ಆಡುವವರಲ್ಲಿ ಕೊಲೆ ಮಾಡಿ ಬಂದವರೂ ಇದ್ದರು. ಕೈಗೆ ಅಂಟಿದ ರಕ್ತ ತೊಳೆದರೂ ಹೋಗುವುದಿಲ್ಲ ಅನ್ನುವುದನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಕಾರಂತರು ಕಟ್ಟೀಮನಿಯವರಿಗೆ ಕಲಿಸಿದರು, ಕಟ್ಟೀಮನಿಯವರು ಕೈದಿಗಳಿಗೆ. ಹೀಗೆ ಕೈದಾಟಿಸುವುದೇ ನಟನ ನಿಜವಾದ ಉದ್ಯೋಗ ಅಂತ ನನ್ನ ಅಭಿಪ್ರಾಯ. ಚಪ್ಪಾಳೆ ಆ ರಾತ್ರಿಗೆ ಮುಗಿಯುತ್ತದೆ.

ಜೈಲು ಅಂದಾಗ ದಕ್ಷಿಣ ಆಫ್ರಿಕಾ ನೆನಪಾಗುತ್ತದೆ. ‘ಬ್ಲ್ಯಾಕ್ ಪ್ಯಾಂಥರ್’ ಸಿನಿಮಾ ನೋಡಿದ ಮಕ್ಕಳು ಮನೆಯಲ್ಲಿದ್ದರೆ ಅದರಲ್ಲಿ ಬರುವ ಹಿರಿಯ ರಾಜ ಯಾರು ಅಂತ ಕೇಳಿ ನೋಡಿ. ಆ ಪಾತ್ರ ಮಾಡಿದವರು ಜಾನ್ ಕಾನಿ. 1943ರಲ್ಲಿ ಪೋರ್ಟ್ ಎಲಿಜಬೆತ್ ಪಕ್ಕದ ನ್ಯೂ ಬ್ರೈಟನ್ ಅನ್ನುವ ಕರಿಯರ ಕೇರಿಯಲ್ಲಿ ಹುಟ್ಟಿದವರು. ಅಲ್ಲಿನ ಹವ್ಯಾಸಿ ತಂಡವೊಂದಕ್ಕೆ ಸೇರಿದರು. ಆ ತಂಡ ಮೊದಲು ನಾಟಕ ಆಡಿದ್ದು ಹಳೇ ಮೃಗಾಲಯದಲ್ಲಿ ಹಾವು ಇಡುತ್ತಿದ್ದ ಗುಂಡಿಯಲ್ಲಿ, ಅದಕ್ಕೇ ಸರ್ಪೆಂಟ್ ಪ್ಲೇಯರ್ಸ್ ಅಂತ ಹೆಸರು. ನಮ್ಮ ತಗಡಿನ ಮಾಡು ಎಷ್ಟೋ ವಾಸಿ. ಕಾನಿ, ವಿನ್‌ಸ್ಟನ್ ನ್ಟ್‌ಶೋನಾ, ನಾಟಕಕಾರ ಆಥೊಲ್ ಫ್ಯೂಗಾರ್ಡ್ ಮೂವರೂ ಸೇರಿ 1973ರಲ್ಲಿ ‘ದಿ ಐಲ್ಯಾಂಡ್’ ಕಟ್ಟಿದರು. ದ್ವೀಪದ ಜೈಲಿನಲ್ಲಿ ಇಬ್ಬರು ಕೈದಿಗಳು ಗ್ರೀಕರ ‘ಆಂಟಿಗೊನಿ’ ಅಭ್ಯಾಸ ಮಾಡುವ ಕಥೆ. ರಾಬೆನ್ ದ್ವೀಪದಲ್ಲಿ ಕೈದಿಗಳು ಆ ನಾಟಕವನ್ನು ನಿಜವಾಗಿಯೇ ಆಡಿದ್ದರು, ರಾಜ ಕ್ರೆಯಾನನ ಪಾತ್ರ ಮಾಡಿದ್ದು ನೆಲ್ಸನ್ ಮಂಡೇಲಾ. 1975ರಲ್ಲಿ ಕಾನಿ ಮತ್ತು ನ್ಟ್‌ಶೋನಾ ಇಬ್ಬರಿಗೂ ಅಮೆರಿಕದ ಟೋನಿ ಪ್ರಶಸ್ತಿ ಬಂತು.

ಅಲ್ಲಿಗೆ ಕಥೆ ಮುಗಿದಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಜೋಹಾನ್ಸ್‌ಬರ್ಗಿನಲ್ಲಿ ಮಾರ್ಕೆಟ್ ಥಿಯೇಟರ್ ಅಂತ ಇದೆ. ಹೆಸರೇ ಹೇಳುವ ಹಾಗೆ ಅದು ಹಿಂದೆ ಮಾರುಕಟ್ಟೆ, ಅದೂ ಇಂಡಿಯನ್ ಫ್ರೂಟ್ ಮಾರ್ಕೆಟ್. ಹಣ್ಣು ಮಾರುವ ಕಟ್ಟಡ 1976ರಲ್ಲಿ ರಂಗಮಂದಿರವಾಯಿತು. ಅಲ್ಲೇ 1989ರಲ್ಲಿ ಜಾನ್ ಕಾನಿ ಮತ್ತು ಬಾರ್ನಿ ಸೈಮನ್ ಸೇರಿ ಬಡ ಕೇರಿಗಳ ಹುಡುಗರಿಗೆ ನಾಟಕ ಕಲಿಸುವ ಶಾಲೆ ತೆರೆದರು. ರಂಗಾಯಣ ಹುಟ್ಟಿದ ವರ್ಷವೇ. ಎರಡು ಖಂಡಗಳಲ್ಲಿ ದೊಡ್ಡ ರಂಗಕರ್ಮಿಗಳು ಒಂದೇ ವರ್ಷ ಒಂದೇ ಕೆಲಸಕ್ಕೆ ಕೂತರು: ಕಲಿಸುವುದಕ್ಕೆ.

ಈಗ ನಮ್ಮ ಕಡೆ ಬರೋಣ. ಕೊಡಗಿನಲ್ಲಿ ಯಾರಿಗೂ ಕಲೆ ಬೇಡ ಅಂತ ನಾನು ಹೇಳುವುದಿಲ್ಲ. ಕಿರುಂದಾಡಿನ ಹರದಾಸ ಅಪ್ಪಚ್ಚ ಕವಿ 1906ರಲ್ಲೇ ಕೊಡವ ತಕ್ಕ್‌ನಲ್ಲಿ ‘ಯಯಾತಿ’ ನಾಟಕ ಬರೆದರು. ಕೊಡವ ಭಾಷೆಯ ಮೊದಲ ನಾಟಕ ಅದು. ನಮ್ಮ ಜಿಲ್ಲೆಯವರೇ ಆದ ಅಡ್ಡಂಡ ಕಾರ್ಯಪ್ಪ ರಂಗಾಯಣದ ನಿರ್ದೇಶಕರೂ ಆದರು. ನಾಟಕ ಇಲ್ಲಿಗೆ ಹೊಸದಲ್ಲ. ಆದರೂ ಅಂಗಡಿಗೆ ಬಂದವರ ಹತ್ತಿರ ಶಾಲೆಗೊಬ್ಬ ನಾಟಕದ ಮೇಷ್ಟ್ರು ಬೇಕು ಅಂದರೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: ‘ಅಣ್ಣಾ, ನಾಟಕ ಕಲಿತು ಮಕ್ಕಳು ಎಂತ ಮಾಡುವುದು?’

ನಾನು ತಿರುಗಿ ಕೇಳುತ್ತೇನೆ: ಹಾಕಿ ಕಲಿತು ಎಂತ ಮಾಡಿದರು?

ಕೊಡಗಿನಲ್ಲಿ ನಿಂತು ಈ ಪ್ರಶ್ನೆ ಕೇಳುವುದು ಸ್ವಲ್ಪ ಅಪಾಯ. ಆದರೆ ಉತ್ತರ ಎಲ್ಲರಿಗೂ ಗೊತ್ತು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಭಾರತಕ್ಕೆ ಆಡಿದರು, ಸರಿ. ಅವರ ಹಿಂದೆ ಸ್ಟಿಕ್ ಹಿಡಿದ ಸಾವಿರಾರು ಮಂದಿ ಎಲ್ಲಿಗೂ ಆಡಲಿಲ್ಲ. ತೋಟ ನೋಡಿಕೊಂಡರು, ಸೈನ್ಯ ಸೇರಿದರು, ಬ್ಯಾಂಕಿನಲ್ಲಿ ಕೂತರು. ಅವರ ಹಾಕಿ ದಂಡವಾಯಿತು ಅಂತ ಯಾರಾದರೂ ಹೇಳುತ್ತಾರಾ? 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡಗಳಿಗೆ ಮುಟ್ಟಿತು. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಆಡುತ್ತಾರೆ. ಯಾಕೆ ಆಯಿತು? ಮನೆಯಲ್ಲಿ ಸ್ಟಿಕ್ ಇತ್ತು, ಊರಲ್ಲಿ ಮೈದಾನ ಇತ್ತು, ಶಾಲೆಯಲ್ಲಿ ಸಂಬಳ ಪಡೆಯುವ ಪಿ.ಟಿ. ಮೇಷ್ಟ್ರು ಇದ್ದರು. ಮೂರನೆಯದನ್ನು ಮರೆಯುತ್ತೇವೆ. ಪಿ.ಟಿ. ಮೇಷ್ಟ್ರು ವರ್ಗವಾದರೆ ಇನ್ನೊಬ್ಬರು ಬರುತ್ತಾರೆ, ಯಾಕೆಂದರೆ ಅದೊಂದು ಹುದ್ದೆ. ನಮ್ಮ ಲೆಕ್ಕದ ಮೇಷ್ಟ್ರು ವರ್ಗವಾದಾಗ ಇನ್ನೊಬ್ಬರು ಬಂದರು, ಲೆಕ್ಕ ಮಾಡಿಸಿದರು.

ಇನ್ನೊಂದು ವಿಷಯ ಇದೆ, ಹಾಕಿಗಿಂತ ಸೂಕ್ಷ್ಮ. ಪೊನ್ನಂಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ತರಗತಿಗೆ ಹೋಗಿ ಕೂತು ನೋಡಿ. ಒಬ್ಬನ ಮನೆಯಲ್ಲಿ ಕೊಡವ ತಕ್ಕ್, ಒಬ್ಬಳ ಮನೆಯಲ್ಲಿ ಮಲಯಾಳಂ, ಪಕ್ಕದವನದು ತುಳು, ಹಿಂದೆ ಇಬ್ಬರು ಯರವ ಮಕ್ಕಳು, ಒಬ್ಬ ಜೇನುಕುರುಬರ ಹುಡುಗ, ಲೈನ್‌ಮನೆಯಿಂದ ಬಂದ ತಮಿಳು ಹುಡುಗಿ, ಈಗೀಗ ಅಸ್ಸಾಮಿನಿಂದ ಬಂದವರ ಮಗು. ಪುಸ್ತಕದ ಕನ್ನಡ ಇವರಲ್ಲಿ ಅರ್ಧ ಮಂದಿಗೆ ಹೊರಗಿನದು. ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಾರೆ, ಟೀಚರ್ ದಡ್ಡ ಅಂತ ಬರೆದುಕೊಳ್ಳುತ್ತಾರೆ, ಕಾಫಿ ಕೊಯ್ಲು ಶುರುವಾದರೆ ಆ ಮಗು ಶಾಲೆಗೆ ಬರುವುದೇ ನಿಲ್ಲುತ್ತದೆ. ನಮ್ಮ ಇಲಿಗಳ ಗುಂಪಿನಲ್ಲಿ ಯರವ ಹುಡುಗನೊಬ್ಬ ಇದ್ದ. ತರಗತಿಯಲ್ಲಿ ಅವನ ದನಿ ಹೇಗಿದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಇಲಿಗಳು ನದಿಗೆ ಹೋಗುವಾಗ ಏನಾದರೂ ಹಾಡಿ ಅಂತ ಮೇಷ್ಟ್ರು ಹೇಳಿದ್ದಕ್ಕೆ ಅವನು ಮನೆಯ ಹಾಡು ಎತ್ತಿಕೊಂಡ. ನಮಗೆ ಅರ್ಥವಾಗಲಿಲ್ಲ, ಆದರೂ ಇಪ್ಪತ್ತು ಇಲಿಗಳೂ ಅವನ ಹಿಂದೆ ಹಾಡಿದೆವು. ಮೇಷ್ಟ್ರು ಅವನನ್ನು ಇಲಿಗಳ ನಾಯಕ ಮಾಡಿದರು. ಬಹುಮಾನ ಗಿಹುಮಾನ ಏನೂ ಬರಲಿಲ್ಲ. ಆ ವರ್ಷ ಕೊಯ್ಲಿಗೆ ಅವನು ಶಾಲೆ ಬಿಡಲಿಲ್ಲ. ಮುಂದಿನ ವರ್ಷ ಬಿಟ್ಟ. ನಾಟಕ ಎಲ್ಲವನ್ನೂ ಸರಿ ಮಾಡುತ್ತದೆ ಅಂತ ನಾನು ಹೇಳಿದರೆ ಅವನೇ ಬಂದು ನನ್ನ ಕಿವಿ ಹಿಂಡುತ್ತಾನೆ.

ಕಾರಂತರು ಭೋಪಾಲದ ಭಾರತ ಭವನದಲ್ಲಿ ರಂಗಮಂಡಲ ನಡೆಸುತ್ತಿದ್ದಾಗ ಬುಂದೇಲಖಂಡಿ, ಮಾಳವಿ, ಛತ್ತೀಸಗಢಿ ಅಂಥ ಮನೆಮಾತುಗಳನ್ನು ರಂಗಕ್ಕೆ ತಂದರು. ತುಳುನಾಡಿನ ಕನ್ನಡಿಗ, ಹಿಂದಿ ಸೀಮೆಗೆ ಹೋಗಿ, ನಿಮ್ಮ ಅಜ್ಜಿಯ ಮಾತಿನಲ್ಲೇ ಆಡಿ ಅಂದದ್ದು. ಅದನ್ನು ಮಾಡಲು ತರಬೇತಿ ಬೇಕು. ಯೂಟ್ಯೂಬ್ ನೋಡಿ ಬರುವುದಿಲ್ಲ.

ತರಬೇತಿ ಪಡೆದವರು ಇಲ್ಲವಾ? ಇದ್ದಾರೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿದ ನೀನಾಸಮ್ 1980ರಿಂದ ರಂಗಶಿಕ್ಷಣ ಕೇಂದ್ರ ನಡೆಸುತ್ತಿದೆ. ಸಾಣೇಹಳ್ಳಿಯಲ್ಲಿ ಶಾಲೆಯಿದೆ, ರಂಗಾಯಣದಲ್ಲೂ ಇದೆ. ಪ್ರತಿವರ್ಷ ಹುಡುಗ ಹುಡುಗಿಯರು ಕಲಿತು ಹೊರಗೆ ಬರುತ್ತಾರೆ. ಒಂದೆರಡು ವರ್ಷ ತಿರುಗಾಟ, ಬೇಸಿಗೆಯಲ್ಲಿ ಮಕ್ಕಳ ಶಿಬಿರ, ಆಮೇಲೆ ಬೆಂಗಳೂರಿನಲ್ಲಿ ಧಾರಾವಾಹಿಯ ಪೊಲೀಸ್ ಪಾತ್ರ. ಸರ್ಕಾರ ಕೆಲವು ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದೂ ಉಂಟು. ಅಂಥವರಿರುವ ಶಾಲೆಗಳಲ್ಲಿ ವಿಜ್ಞಾನದ ಪಾಠವನ್ನೂ ನಾಟಕ ಮಾಡಿ ಆಡಿಸುತ್ತಾರೆ. ಆದರೆ ಅವರು ಎಷ್ಟು ಮಂದಿ? ರಾಜ್ಯದ ಶಾಲೆಗಳ ಲೆಕ್ಕದ ಮುಂದೆ ಸಾರಿಗೆ ಉಪ್ಪಿನಷ್ಟೂ ಇಲ್ಲ.

ಸರ್ಕಾರ ಕೊಡುವವರೆಗೆ ಕಾಯಬೇಕಾಗಿಲ್ಲ ಅನ್ನುವುದೇ ನನ್ನ ವಾದ. ವ್ಯಾಪಾರಿ ಲೆಕ್ಕ ಹಾಕುತ್ತೇನೆ. ತರಬೇತಿ ಪಡೆದ ಒಬ್ಬರಿಗೆ ತಿಂಗಳಿಗೆ 25,000 ರೂಪಾಯಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು. ಒಂದು ಲಕ್ಷ. ಉಳಿಯಲು ಕೋಣೆ ಊರಲ್ಲಿ ಯಾರಾದರೂ ಕೊಡುತ್ತಾರೆ. ನಾಲ್ಕು ಶಾಲೆಗಳಿಗೆ ಒಬ್ಬರು ಸಾಕು, ವಾರಕ್ಕೆ ಒಂದೊಂದು ದಿನ ಒಂದೊಂದು ಶಾಲೆ, ಉಳಿದ ದಿನ ಎಲ್ಲ ಸೇರಿ. ದಸರಾ ವೇದಿಕೆಯಲ್ಲಿ ಆ ಮಕ್ಕಳ ನಾಟಕ. ಹತ್ತು ದಿನದ ವೇದಿಕೆಯಲ್ಲಿ ಒಂದು ಸಂಜೆ ಕೇಳುತ್ತಿದ್ದೇನೆ, ಹತ್ತೂ ಅಲ್ಲ. ಬೆಂಗಳೂರಿನಿಂದ ಬರುವ ಆರ್ಕೆಸ್ಟ್ರಾ ಒಂದು ರಾತ್ರಿ ಕಡಿಮೆಯಾದರೆ ಯಾರ ಮನೆಯ ದೀಪವೂ ಆರುವುದಿಲ್ಲ.

ಜಾಗ ಎಲ್ಲಿ ಅನ್ನುತ್ತೀರಿ. ಜೋಹಾನ್ಸ್‌ಬರ್ಗಿನವರಿಗೆ ಹಣ್ಣಿನ ಮಾರುಕಟ್ಟೆ ಸಾಕಾಯಿತು. ಕಾಫಿ, ಕರಿಮೆಣಸಿನ ವ್ಯಾಪಾರದ ಊರು ನಮ್ಮದು. ಮಳೆ ಹಿಡಿದರೆ ಅರ್ಧ ಖಾಲಿಯಾಗುವ ಗೋದಾಮುಗಳು ಎಷ್ಟಿಲ್ಲ? ನನ್ನದೇ ಒಂದು ಇದೆ, ಅಂಗಡಿಯ ಹಿಂದೆ, ತಗಡಿನ ಮಾಡಿನದು. ಮೆಣಸಿನ ಘಾಟಿಗೆ ಸ್ವಲ್ಪ ಸೀನು ಬರಬಹುದು. ಕೀಲಿ ಕೊಡಲು ಸಿದ್ಧ. ಈ ಮಾತನ್ನು ಅಂಗಡಿಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ, ಇನ್ನು ಹಿಂದೆ ಸರಿಯಲು ನನಗೂ ದಾರಿಯಿಲ್ಲ.

ಪ್ರತಿವರ್ಷ ಆಗಸ್ಟ್ ಹದಿನೈದಕ್ಕೆ ಮೊದಲು ಶಾಲೆಯ ಮಕ್ಕಳು ಹಳೇ ಚೀಲ ಕೇಳಿಕೊಂಡು ಅಂಗಡಿಗೆ ಬರುತ್ತಾರೆ. ಗೋಣಿಚೀಲದ ಓಟಕ್ಕೆ. ಹೋದ ವರ್ಷವೂ ಇಬ್ಬರು ಬಂದಿದ್ದರು, ಹತ್ತು ಚೀಲ ಬೇಕು, ಸಂಜೆ ವಾಪಸ್ ಕೊಡುತ್ತೇವೆ ಅಂದರು. ಹತ್ತು ಎಣಿಸಿ ಕಟ್ಟಿ ಕೊಟ್ಟೆ. ಓಟಕ್ಕೇನಾ, ನಾಟಕಕ್ಕೇನಾದರೂ ಬೇಕಾ ಅಂತ ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕವನು ಕೇಳಿದ, ‘ನಾಟಕಕ್ಕೆ ಗೋಣಿಚೀಲ ಎಂತಕ್ಕೆ ಅಂಕಲ್?’

ಹೇಳಲು ಹೊರಟೆ. ಅಷ್ಟರಲ್ಲಿ ಮಳೆ ತಗಡಿನ ಮೇಲೆ ಬಂದು ಬಿತ್ತು, ನನ್ನ ಮಾತು ಅವನಿಗೆ ಕೇಳಲಿಲ್ಲ. ಒಂದು ಚೀಲ ತೆಗೆದು ತಲೆಯ ಮೇಲೆ ಹಾಕಿಕೊಂಡು ಇಲಿಯ ಹಾಗೆ ಮೂಗು ಆಡಿಸಿ ತೋರಿಸಿದೆ.